ಕೂಪರ್ಸ್‌ಟೌನ್ ಬಾಗಿಲು ಎಷ್ಟು ಕಿರಿದಾಗಿರಬೇಕು?

ಡೆಟ್ರಾಯಿಟ್ ಪಕ್ಕದ ಒಂದು ಊರಲ್ಲಿ ಹದಿನಾಲ್ಕು ತಿಂಗಳು ಆನ್‌ಸೈಟ್ ಇದ್ದೆ. ನನ್ನ ಎದುರಿನ ಕ್ಯುಬಿಕಲ್‌ನಲ್ಲಿ ಕೂರುತ್ತಿದ್ದ ಹಿರಿಯರೊಬ್ಬರಿಗೆ ಬೇಸ್‌ಬಾಲ್ ಹುಚ್ಚು. ನನಗೋ ಆ ಆಟದ ತಲೆಬುಡ ಗೊತ್ತಿರಲಿಲ್ಲ. ಹೋದ ಮೊದಲ ವಾರವೇ ಅವರು ಮಾನಿಟರ್ ಪಕ್ಕ ಇಟ್ಟುಕೊಂಡಿದ್ದ ಎರಡು ಹಳೇ ಕಾರ್ಡ್ ತೋರಿಸಿದರು. "ಇಬ್ರೂ ಒಂದೇ ದಿನ ಆಟ ಶುರು ಮಾಡಿದ್ರು. ಹತ್ತೊಂಬತ್ತು ಸೀಸನ್ ಅಕ್ಕಪಕ್ಕ ನಿಂತು ಆಡಿದ್ರು. ಒಬ್ಬ ಒಳಗಿದ್ದಾನೆ, ಇನ್ನೊಬ್ಬ ಹೊರಗಿದ್ದಾನೆ. ಯಾಕೆ ಹೇಳು?" ಅಂತ ಕೇಳಿದರು.

ಒಳಗೆ ಅಂದರೆ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಅನ್ನೋ ಪುಟ್ಟ ಊರಲ್ಲಿರುವ ಬೇಸ್‌ಬಾಲ್ ಹಾಲ್ ಆಫ್ ಫೇಮ್. ಆ ಕಾರ್ಡಿನಲ್ಲಿದ್ದವರು ಡೆಟ್ರಾಯಿಟ್ ಟೈಗರ್ಸ್ ತಂಡದ ಅಲನ್ ಟ್ರಾಮೆಲ್ ಮತ್ತು ಲೂ ವಿಟಕರ್. ಶಾರ್ಟ್‌ಸ್ಟಾಪ್ ಮತ್ತು ಸೆಕೆಂಡ್ ಬೇಸ್, ಅಂದರೆ ಮೈದಾನದ ನಟ್ಟನಡುವೆ ಒಬ್ಬರ ಕೈಗೆ ಇನ್ನೊಬ್ಬರು ಚೆಂಡು ಕೊಡುತ್ತಾ ಬದುಕುವ ಜೋಡಿ. 1977ರ ಸೆಪ್ಟೆಂಬರ್ 9ರಂದು ಬಾಸ್ಟನ್‌ನಲ್ಲಿ ಇಬ್ಬರೂ ಒಟ್ಟಿಗೇ ಮೊದಲ ಪಂದ್ಯ ಆಡಿದರು. 1995ರಲ್ಲಿ ವಿಟಕರ್ ನಿಲ್ಲಿಸೋವರೆಗೂ ಜೋಡಿ ಮುರಿಯಲಿಲ್ಲ. ಟ್ರಾಮೆಲ್ 2,365 ಹಿಟ್ ಹೊಡೆದ, ವಿಟಕರ್ 2,369. ಹೋಮ್ ರನ್ ಲೆಕ್ಕದಲ್ಲಿ ವಿಟಕರನೇ ಮುಂದೆ, 244ಕ್ಕೆ 185.

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದವನು ಸೀದಾ ಅಮೆರಿಕದವರ ಒಂದು ಮುಗಿಯದ ಜಗಳದೊಳಗೆ ಬಿದ್ದೆ. ಪ್ರತಿ ಚಳಿಗಾಲ, ಆಟ ಇಲ್ಲದ ತಿಂಗಳುಗಳಲ್ಲಿ, ಅಲ್ಲಿ ಇದೇ ಜಗಳ: ಹಾಲ್ ಆಫ್ ಫೇಮ್ ಎಷ್ಟು ಜನಕ್ಕೆ? ಒಂದು ಕಡೆ 'ಸಣ್ಣ ಹಾಲ್' ಪಕ್ಷ. ಇವರ ಪ್ರಕಾರ ಒಳಗೆ ಬೇಬ್ ರೂತ್, ವಿಲ್ಲೀ ಮೇಸ್ ಥರದವರು ಮಾತ್ರ ಇರಬೇಕು, ಹೆಸರು ಕೇಳಿದಾಗ ಯೋಚನೆ ಮಾಡಬೇಕಾಗಿ ಬಂತು ಅಂದರೆ ಅವನು ಅರ್ಹನಲ್ಲ. ಇನ್ನೊಂದು ಕಡೆ 'ದೊಡ್ಡ ಹಾಲ್' ಪಕ್ಷ. ಇದು ಕೊನೆಗೂ ಒಂದು ಮ್ಯೂಸಿಯಂ ಕಣ್ರಯ್ಯಾ, ಇನ್ನೂ ಇಪ್ಪತ್ತು ಫಲಕ ಹೆಚ್ಚಾದರೆ ಗೋಡೆ ಬೀಳಲ್ಲ ಅಂತಾರೆ ಇವರು.

ಸಣ್ಣ ಹಾಲ್ ವಾದ ಮೊದಲು ಕೇಳಿದಾಗ ನನಗೂ ಹಿಡಿಸಿತು. ನಮಗೆಲ್ಲ ಕಟ್‌ಆಫ್ ಅಂದರೆ ಒಂಥರಾ ಭಕ್ತಿ ತಾನೆ? ಸಿಇಟಿ ರ‍್ಯಾಂಕ್ ನೋಡಿ ಬೆಳೆದವರು ನಾವು. ಸೀಟು ಕಡಿಮೆ ಇದ್ದಷ್ಟೂ ಕಾಲೇಜು ದೊಡ್ಡದು ಅಂದುಕೊಂಡವರು. ಆದರೆ ಓದ್ತಾ ಓದ್ತಾ ಒಂದು ವಿಷಯ ಗೊತ್ತಾಯ್ತು. ಇವರು ಕಾಪಾಡಬೇಕು ಅನ್ನುತ್ತಿರುವ ಆ ಸಣ್ಣ ಹಾಲ್ ಇದೆಯಲ್ಲ, ಅದು ಯಾವತ್ತೂ ಇರಲೇ ಇಲ್ಲ.

ಮೊದಲು ನಿಯಮ ಹೇಳಿಬಿಡ್ತೀನಿ. ಕನಿಷ್ಠ ಹತ್ತು ಸೀಸನ್ ಆಡಿರಬೇಕು, ನಿವೃತ್ತಿಯಾಗಿ ಐದು ವರ್ಷ ಕಾಯಬೇಕು. ಆಮೇಲೆ ಬೇಸ್‌ಬಾಲ್ ಬರಹಗಾರರ ಸಂಘದ ಹಿರಿಯ ಪತ್ರಕರ್ತರು ಮತ ಹಾಕ್ತಾರೆ. ಒಂದು ಮತಪತ್ರದಲ್ಲಿ ಹೆಚ್ಚೆಂದರೆ ಹತ್ತು ಹೆಸರು. ಶೇ. 75 ಬಂದರೆ ಒಳಗೆ. ಶೇ. 5 ಕೂಡ ಬರದಿದ್ದರೆ ಪಟ್ಟಿಯಿಂದಲೇ ಔಟ್. ನಡುವೆ ಸಿಕ್ಕಿಕೊಂಡವರಿಗೆ ಹತ್ತು ವರ್ಷ ಅವಕಾಶ, 2014ಕ್ಕೆ ಮುಂಚೆ ಹದಿನೈದು ವರ್ಷ ಇತ್ತು. ಇಲ್ಲಿ ಬಿದ್ದುಹೋದವರಿಗೆ ಹಿಂಬಾಗಿಲು ಅನ್ನಬಹುದಾದ ಸಣ್ಣ ಸಮಿತಿಗಳಿವೆ. ಈಗ ಅದರಲ್ಲಿ ಹದಿನಾರು ಜನ, ಹನ್ನೆರಡು ಮತ ಬೇಕು.

ಕೇಳೋಕೆ ಭಾರೀ ಬಿಗಿ. ಈಗ 1936ರ ಮೊದಲ ಚುನಾವಣೆ ನೋಡಿ. ಐದು ಜನ ಆಯ್ಕೆಯಾದರು: ಟೈ ಕಾಬ್, ಬೇಬ್ ರೂತ್, ಹೋನಸ್ ವ್ಯಾಗ್ನರ್, ಕ್ರಿಸ್ಟಿ ಮ್ಯಾಥ್ಯೂಸನ್, ವಾಲ್ಟರ್ ಜಾನ್ಸನ್. 226 ಮತಪತ್ರಗಳಲ್ಲಿ ಕಾಬ್‌ಗೆ ಬಂದದ್ದು 222, ರೂತ್‌ಗೆ 215. ಅಂದರೆ ಬೇಬ್ ರೂತ್ ಬೇಡ ಅಂದ ಹನ್ನೊಂದು ಜನ ಇದ್ದರು! 511 ಪಂದ್ಯ ಗೆದ್ದ ಸೈ ಯಂಗ್ ಆ ವರ್ಷ ಆಯ್ಕೆಯೇ ಆಗಲಿಲ್ಲ, ಮರುವರ್ಷ ಶೇ. 76ರಲ್ಲಿ ತೂರಿಕೊಂಡ. ಇವತ್ತು ಅತ್ಯುತ್ತಮ ಪಿಚರ್‌ಗೆ ಕೊಡೋ ಪ್ರಶಸ್ತಿಗೆ ಇರುವುದು ಇವನದೇ ಹೆಸರು. 1979ರಲ್ಲಿ ವಿಲ್ಲೀ ಮೇಸ್‌ಗೆ 23 ಜನ ಮತ ಹಾಕಲಿಲ್ಲ, 1982ರಲ್ಲಿ ಹ್ಯಾಂಕ್ ಆರನ್‌ಗೆ ಒಂಬತ್ತು ಜನ. ರೂತ್‌ಗೇ ನೂರಕ್ಕೆ ನೂರು ಬರಲಿಲ್ಲ, ಇನ್ಯಾರಿಗೂ ಬರಬಾರದು ಅಂತ ಒಂದು ತರ್ಕ ಓಡಾಡ್ತಿತ್ತು. ಕೊನೆಗೆ 2019ರಲ್ಲಿ ಮಾರಿಯಾನೊ ರಿವೇರಾಗೆ 425ಕ್ಕೆ 425 ಬಂತು. ಹಾಗಂತ ರಿವೇರಾ ರೂತ್‌ಗಿಂತ ದೊಡ್ಡವನಾ? ಇದನ್ನ ಯಾರೂ ಹೇಳಲ್ಲ. ಮತ ಹಾಕದೇ ಇರೋದನ್ನೇ ಮಾನದಂಡ ಅಂದುಕೊಂಡ ಕಾಲ ಒಂದಿತ್ತು, ಅಷ್ಟೇ.

ಮುಂಬಾಗಿಲಲ್ಲಿ ಇಷ್ಟು ಬಿಗಿ ಇದ್ದಾಗ ಹಿಂಬಾಗಿಲಲ್ಲಿ ಏನಾಗ್ತಿತ್ತು? 1970ರ ದಶಕದ ವೆಟರನ್ಸ್ ಸಮಿತಿಯಲ್ಲಿ ಫ್ರಾಂಕಿ ಫ್ರಿಶ್, ಬಿಲ್ ಟೆರ್ರಿ ಅಂತ ಇಬ್ಬರು ಹಳೇ ಹುಲಿಗಳಿದ್ದರು. ಇಬ್ಬರೂ ನ್ಯೂಯಾರ್ಕ್ ಜೈಂಟ್ಸ್‌ಗೆ ಆಡಿದವರು, ಫ್ರಿಶ್ ಆಮೇಲೆ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೂ. ಆ ವರ್ಷಗಳಲ್ಲಿ ಸಮಿತಿ ಒಳಗೆ ಬಿಟ್ಟುಕೊಂಡವರ ಹೆಸರು ನೋಡಿ: ಜೆಸ್ಸಿ ಹೇನ್ಸ್, ಡೇವ್ ಬ್ಯಾಂಕ್ರಾಫ್ಟ್, ಚಿಕ್ ಹೇಫಿ, ರಾಸ್ ಯಂಗ್ಸ್, ಜಾರ್ಜ್ ಕೆಲ್ಲಿ, ಜಿಮ್ ಬಾಟಮ್ಲಿ, ಫ್ರೆಡ್ಡಿ ಲಿಂಡ್‌ಸ್ಟ್ರಾಮ್. ಹೆಚ್ಚುಕಡಿಮೆ ಪೂರ್ತಿ ಪಟ್ಟಿ ಆ ಎರಡು ತಂಡಗಳ ಹಳೇ ಸ್ನೇಹಿತರದ್ದೇ. ನಮ್ಮ ಕಡೆ ಇದಕ್ಕೆ ಏನಂತಾರೆ ಅಂತ ಬಿಡಿಸಿ ಹೇಳಬೇಕಿಲ್ಲ. ಒಬ್ಬ ಆಟಗಾರ ಒಟ್ಟಾರೆ ಎಷ್ಟು ಗೆಲುವು ಹೆಚ್ಚಿಗೆ ತಂದುಕೊಟ್ಟ ಅಂತ ಅಳೆಯೋ 'ವಾರ್' ಅನ್ನುವ ಲೆಕ್ಕವೊಂದಿದೆ. ಅದರಲ್ಲಿ ಕೆಲ್ಲಿಗೆ ಸುಮಾರು 25. ಹೊರಗೆ ನಿಂತಿರೋ ವಿಟಕರ್‌ಗೆ ಸುಮಾರು 75.

ಇದು ಹಳೇ ಕಾಲದ ಕಥೆ ಅಂತ ಬಿಡೋ ಹಾಗೂ ಇಲ್ಲ. 2018ರ ಡಿಸೆಂಬರ್‌ನಲ್ಲಿ ಹೆರಾಲ್ಡ್ ಬೇನ್ಸ್ ಹನ್ನೆರಡು ಮತ ಪಡೆದು ಒಳಗೆ ಬಂದ. ಒಳ್ಳೇ ಬ್ಯಾಟರ್, 2,866 ಹಿಟ್, 384 ಹೋಮ್ ರನ್, ಯಾರೂ ಕೆಟ್ಟದಾಗಿ ಮಾತಾಡದ ಸಜ್ಜನ. ಆದರೆ ಪತ್ರಕರ್ತರ ಮತದಾನದಲ್ಲಿ ಅವನು ಶೇ. 6.1 ದಾಟಿರಲೇ ಇಲ್ಲ. ಸಮಿತಿಯಲ್ಲಿ ಯಾರಿದ್ದರು? ಅವನ ಹಳೇ ಮ್ಯಾನೇಜರ್ ಟೋನಿ ಲಾ ರುಸ್ಸಾ, ಅವನ ಹಳೇ ತಂಡ ಶಿಕಾಗೋ ವೈಟ್ ಸಾಕ್ಸ್‌ನ ಮಾಲೀಕ ಜೆರ‍್ರಿ ರೈನ್ಸ್‌ಡಾರ್ಫ್.

ಬೇನ್ಸ್ ಬಂದ ಮೇಲೆ ದೊಡ್ಡ ಹಾಲ್ ಪಕ್ಷದವರಿಗೆ ಹಬ್ಬ. ಬೇನ್ಸ್‌ಗಿಂತ ಚೆನ್ನಾಗಿ ಆಡಿದವರೆಲ್ಲ ಒಳಗೆ ಬರಲಿ ಅಂತ ಶುರು ಮಾಡಿದರು. ಇಲ್ಲಿ ನಾನು ಅವರ ಜೊತೆಗಿಲ್ಲ. ಒಂದು ಸಲ ಎಡವಿದ್ದನ್ನೇ ನಿಯಮ ಮಾಡಿಕೊಂಡರೆ ಮುಂದಿನ ಎಡವಟ್ಟು ಇನ್ನೂ ಕೆಳಗಿನ ಮೆಟ್ಟಿಲಲ್ಲಿ ಆಗುತ್ತೆ. ಕೆಲ್ಲಿಗಿಂತ ಮೇಲಿನವರು, ಬೇನ್ಸ್‌ಗಿಂತ ಮೇಲಿನವರು ಅಂತ ಹುಡುಕುತ್ತಾ ಹೋದರೆ ನೂರಾರು ಹೆಸರು ಸಿಗ್ತವೆ. ಅಷ್ಟು ಜನರನ್ನ ತುಂಬಿಸಿದ ಕೋಣೆಗೆ ಹೋಗೋಕೆ ನನಗೂ ಮನಸ್ಸಿಲ್ಲ.

ಹಾಗಾದರೆ ಗೆರೆ ಎಲ್ಲಿ? ಸದ್ಯಕ್ಕೆ ಜನಪ್ರಿಯವಾದದ್ದು ಜೇ ಜಾಫಿ ಅನ್ನೋ ಬರಹಗಾರ ರೂಪಿಸಿದ 'ಜಾಸ್' ಅಳತೆ. ಆಟಗಾರನ ಒಟ್ಟು ವಾರ್ ಮತ್ತು ಅವನ ಅತ್ಯುತ್ತಮ ಏಳು ಸೀಸನ್‌ಗಳ ವಾರ್, ಎರಡರ ಸರಾಸರಿ ತೆಗೆದು, ಅದೇ ಜಾಗದಲ್ಲಿ ಆಡಿ ಈಗಾಗಲೇ ಹಾಲ್‌ನಲ್ಲಿರುವವರ ಸರಾಸರಿಗೆ ಹೋಲಿಸೋದು. ಒಳ್ಳೇ ಉಪಕರಣ. ನಾಸ್ಟಾಲ್ಜಿಯಾಕ್ಕಿಂತ ಎಷ್ಟೋ ವಾಸಿ. ಆದರೆ ಎಷ್ಟೋ ಜನ ಇದನ್ನ ಪಾಸ್ ಮಾರ್ಕ್ ಥರ ಬಳಸ್ತಾರೆ, ಸರಾಸರಿಗಿಂತ ಕೆಳಗಿದ್ದರೆ ಬೇಡವೇ ಬೇಡ ಅಂತ. ಸ್ವಲ್ಪ ಯೋಚಿಸಿ. ಯಾವ ಗುಂಪಿನಲ್ಲೇ ಆಗಲಿ ಸುಮಾರು ಅರ್ಧ ಜನ ಸರಾಸರಿಯ ಕೆಳಗೇ ಇರ್ತಾರೆ. ಇನ್ನು ಮುಂದೆ ಸರಾಸರಿಯ ಮೇಲಿನವರನ್ನ ಮಾತ್ರ ಸೇರಿಸಿದರೆ ಸರಾಸರಿ ಏರುತ್ತಾ ಹೋಗುತ್ತೆ, ಪ್ರತಿ ತಲೆಮಾರಿಗೂ ಬಾಗಿಲು ಇನ್ನಷ್ಟು ಕಿರಿದಾಗುತ್ತೆ. 1930ರ ದಶಕದ ಸಾಧಾರಣ ಆಟಗಾರ ಒಳಗೆ ಕೂತಿರ್ತಾನೆ, 1980ರ ದಶಕದ ಅಸಾಧಾರಣ ಆಟಗಾರ ಟಿಕೆಟ್ ಕೊಂಡು ನೋಡಬೇಕು. ಇದೇನು ಮಾನದಂಡ?

ಅಂಕಿ ಒಂದನ್ನೇ ಹಿಡಿದು ಕೂರೋಕೂ ಆಗಲ್ಲ. ಸ್ಯಾಂಡಿ ಕೋಫ್ಯಾಕ್ಸ್ ಗೆದ್ದದ್ದು ಬರೀ 165 ಪಂದ್ಯ. ಮೊಣಕೈ ನೋವಿಗೆ ಮೂವತ್ತರ ವಯಸ್ಸಿಗೇ ಆಟ ಬಿಟ್ಟ. 1972ರಲ್ಲಿ, 36ನೇ ವಯಸ್ಸಿಗೆ, ಹಾಲ್ ಸೇರಿದ. ಆ ಕೊನೆಯ ಕೆಲವು ವರ್ಷ ಅವನ ಚೆಂಡು ಎದುರಿಸಿದವರನ್ನ ಕೇಳಿ, 165 ಸಾಕಾ ಅಂತ. ಇನ್ನೊಂದು ತುದಿಯಲ್ಲಿ 324 ಪಂದ್ಯ ಗೆದ್ದ ಡಾನ್ ಸಟನ್, ವರ್ಷ ವರ್ಷ ತಪ್ಪದೆ ಬಂದು ದುಡಿದವನು. ಇಬ್ಬರೂ ಒಳಗಿರಬೇಕು ಅನ್ನೋದು ನನ್ನ ಅಭಿಪ್ರಾಯ. ಮಿಂಚಿದವನೂ ಬಾಳಿದವನೂ ಎರಡು ಬೇರೆ ಬೇರೆ ಥರದ ದೊಡ್ಡವರು.

ಈಗ ವಿಟಕರ್ ವಿಷಯಕ್ಕೆ ಬರ್ತೀನಿ. 2001ರಲ್ಲಿ ಅವನ ಹೆಸರು ಮೊದಲ ಸಲ ಮತಪತ್ರಕ್ಕೆ ಬಂತು. 515 ಮತಗಳಲ್ಲಿ ಅವನಿಗೆ ಬಿದ್ದದ್ದು ಹದಿನೈದು. ಶೇ. 2.9. ಮುಗೀತು, ಪಟ್ಟಿಯಿಂದ ಹೊರಗೆ. ಹೋಲಿಸಿ ನೋಡಿ, ಬರ್ಟ್ ಬ್ಲೈಲೆವನ್ ಅನ್ನೋ ಪಿಚರ್ 1998ರಲ್ಲಿ ಶೇ. 17.5ರಿಂದ ಶುರು ಮಾಡಿದ. ಅಭಿಮಾನಿಗಳು ವರ್ಷಗಟ್ಟಲೆ ಲೆಕ್ಕ ಬಿಡಿಸಿ ಬರೆದರು, ಪತ್ರಕರ್ತರು ನಿಧಾನಕ್ಕೆ ಒಪ್ಪಿಕೊಂಡರು, 2011ರಲ್ಲಿ, ಹದಿನಾಲ್ಕನೇ ಪ್ರಯತ್ನದಲ್ಲಿ, ಗೆದ್ದ. ಆ ಹದಿನಾಲ್ಕು ವರ್ಷದಲ್ಲಿ ಅವನು ಒಂದು ಚೆಂಡೂ ಎಸೆದಿರಲಿಲ್ಲ. ಬದಲಾದದ್ದು ನೋಡೋರ ಕಣ್ಣು. ಟ್ರಾಮೆಲ್ ಕೂಡ ಹದಿನೈದು ವರ್ಷ ಮತಪತ್ರದಲ್ಲಿ ಉಳಿದ. ಗೆಲ್ಲಲಿಲ್ಲ, ಶೇ. 40ರ ಸುತ್ತ ನಿಂತ, ಆದರೆ ಹೆಸರು ಚಾಲ್ತಿಯಲ್ಲಿತ್ತು. 2017ರಲ್ಲಿ ಸಮಿತಿ ಅವನನ್ನ ಎತ್ತಿಕೊಂಡಿತು. ವಿಟಕರ್‌ಗೆ ಆ ವಾದ ನಡೆಯಲೇ ಇಲ್ಲ. ಬಿಗಿ ಅಂದರೆ ಚೆನ್ನಾಗಿ ಚರ್ಚೆ ಮಾಡಿ ಬೇಡ ಅನ್ನೋದು, ಅಲ್ವಾ? ಇಲ್ಲಿ ಚರ್ಚೆಯ ಮೊದಲೇ ಬಾಗಿಲು ಹಾಕಿದರು.

ನ್ಯಾಯವಾಗಿ ಹೇಳಬೇಕು ಅಂದರೆ ವಿಟಕರ್ ವಿರುದ್ಧ ಒಂದು ವಾದ ಇದೆ. ಅವನದು ಶಿಖರ ಇಲ್ಲದ ಎತ್ತರದ ಬಯಲು. ಎಂವಿಪಿ ಒಮ್ಮೆಯೂ ಗೆಲ್ಲಲಿಲ್ಲ. ಪ್ರತಿ ವರ್ಷ ಚೆನ್ನಾಗಿ ಆಡಿದ, ಯಾವ ವರ್ಷವೂ ದೇಶ ಬಾಯಿ ಬಿಟ್ಟುಕೊಂಡು ನೋಡೋ ಹಾಗೆ ಆಡಲಿಲ್ಲ. ಜಾಸ್ ಲೆಕ್ಕದಲ್ಲಿ ಹಾಲ್‌ನ ಸೆಕೆಂಡ್ ಬೇಸ್‌ನವರ ಸರಾಸರಿಗೆ ಹೆಚ್ಚುಕಡಿಮೆ ಸಮ ಬರ್ತಾನೆ, ಮೇಲೆ ಹಾರಲ್ಲ. ಒಪ್ಪಿದೆ. ಸರಾಸರಿ ಹಾಲ್ ಆಫ್ ಫೇಮರ್‌ಗೆ ಸಮ ಅನ್ನೋದೇ ಅವನ ವಿರುದ್ಧದ ದೂರು!

ಸಣ್ಣ ಹಾಲ್ ಪಕ್ಷದವರು ಮರೆಯೋ ಇನ್ನೊಂದು ವಿಷಯ ಇದೆ, ನನಗೆ ಎಲ್ಲಕ್ಕಿಂತ ಕಸಿವಿಸಿ ಆಗೋದು ಇದರಿಂದ. 1947ರಲ್ಲಿ ಜಾಕಿ ರಾಬಿನ್‌ಸನ್ ಬರೋವರೆಗೆ ಆ ಶತಮಾನದ ಮೇಜರ್ ಲೀಗ್‌ಗಳಲ್ಲಿ ಕಪ್ಪು ಆಟಗಾರರಿಗೆ ಜಾಗ ಇರಲಿಲ್ಲ. ಹಾಲ್‌ನಲ್ಲೂ ಅವರ ಲೀಗ್‌ಗಳ ಲೆಕ್ಕ ಇರಲಿಲ್ಲ. 1971ರಲ್ಲಿ ಸ್ಯಾಚೆಲ್ ಪೇಜ್‌ನನ್ನ ಸೇರಿಸುವಾಗಲೂ ಮೊದಲು ಹೊರಟಿದ್ದು ಪ್ರತ್ಯೇಕ ಪ್ರದರ್ಶನದಲ್ಲಿ ಇಡೋಕೆ. ಜನ ಉಗಿದ ಮೇಲೆ ಸಮಾನ ಸ್ಥಾನ ಕೊಟ್ಟರು. 2006ರಲ್ಲಿ ವಿಶೇಷ ಸಮಿತಿಯೊಂದು ನೀಗ್ರೋ ಲೀಗ್ ಕಾಲದ ಹದಿನೇಳು ಜನರನ್ನ ಒಮ್ಮೆಗೇ ಆರಿಸಿತು. ಹಾಲ್‌ಗೆ ಸೇರಿದ ಮೊದಲ ಮಹಿಳೆ, ತಂಡದ ಮಾಲಕಿ ಎಫಾ ಮ್ಯಾನ್ಲಿ, ಅದರಲ್ಲೇ ಇದ್ದರು. ಆ ಪಟ್ಟಿಯಲ್ಲಿ ಬಕ್ ಓನೀಲ್ ಇರಲಿಲ್ಲ. 94 ವರ್ಷದ ಅಜ್ಜ. ನೀಗ್ರೋ ಲೀಗ್ ಕಥೆಗಳನ್ನ ಊರೂರು ತಿರುಗಿ ಹೇಳಿ ಬದುಕಿಸಿದವರು. ಆಯ್ಕೆಯಾಗದಿದ್ದರೂ ಆ ಜುಲೈನಲ್ಲಿ ಕೂಪರ್ಸ್‌ಟೌನ್ ವೇದಿಕೆಗೆ ಹೋಗಿ, ಆಯ್ಕೆಯಾದ ಹದಿನೇಳು ಜನರ ಪರವಾಗಿ ಮಾತಾಡಿದರು, ಜನರ ಕೈಲಿ ಹಾಡು ಹೇಳಿಸಿದರು. ಅಕ್ಟೋಬರ್‌ನಲ್ಲಿ ತೀರಿಕೊಂಡರು. 2021ರಲ್ಲಿ ಇನ್ನೊಂದು ಸಮಿತಿ ಅವರನ್ನ ಆರಿಸಿತು.

ಶಿಕಾಗೋ ಕಬ್ಸ್‌ನ ರಾನ್ ಸ್ಯಾಂಟೋ ಮಧುಮೇಹ ಇಟ್ಟುಕೊಂಡೇ ಆಡಿದವನು. 2010ರ ಡಿಸೆಂಬರ್‌ನಲ್ಲಿ ಸತ್ತ. 2011ರ ಡಿಸೆಂಬರ್‌ನಲ್ಲಿ ಹದಿನಾರಕ್ಕೆ ಹದಿನೈದು ಮತ ಪಡೆದು ಆಯ್ಕೆಯಾದ. ಡಿಕ್ ಆಲನ್ 2014ರಲ್ಲಿ ಒಂದೇ ಮತದಿಂದ ತಪ್ಪಿಸಿಕೊಂಡ, 2020ರ ಡಿಸೆಂಬರ್‌ನಲ್ಲಿ ತೀರಿಕೊಂಡ, ಮರುವರ್ಷ ಮತ್ತೆ ಒಂದೇ ಮತದಿಂದ ತಪ್ಪಿತು, 2024ರಲ್ಲಿ ಗೆದ್ದ. ಬದುಕಿದ್ದಾಗ ಅರ್ಹತೆ ಇಲ್ಲದವರಿಗೆ ಸತ್ತ ಮೇಲೆ ಅದು ಎಲ್ಲಿಂದ ಬರುತ್ತೆ? ಬಾಗಿಲು ಕಿರಿದಾಗಿರಲಿ, ನನ್ನ ಅಭ್ಯಂತರ ಇಲ್ಲ. ಆದರೆ ಕೊನೆಗೆ ತೆಗೆಯೋದೇ ಆದರೆ ಮನುಷ್ಯ ಬದುಕಿದ್ದಾಗ ತೆಗೀರಿ ಮಾರಾಯ್ರೇ.

ಬಾಂಡ್ಸ್ ಬಗ್ಗೆ ಹೇಳದಿದ್ದರೆ ಯಾರಾದರೂ ಕೇಳ್ತಾರೆ, ಬೇಗ ಮುಗಿಸ್ತೀನಿ. 762 ಹೋಮ್ ರನ್, ಏಳು ಎಂವಿಪಿ. ಸ್ಟೆರಾಯ್ಡ್ ಆರೋಪದ ಕಾರಣಕ್ಕೆ ಹತ್ತನೇ ವರ್ಷ, 2022ರಲ್ಲಿ, ಶೇ. 66ಕ್ಕೆ ನಿಂತ. ಮತದಾರರ ನಿಯಮದಲ್ಲಿ ಪ್ರಾಮಾಣಿಕತೆ, ಚಾರಿತ್ರ್ಯ ಅನ್ನೋ ಪದಗಳಿವೆ, ಅದನ್ನ ಹಿಡಿದು ಬೇಡ ಅಂದರು. ಅದು ಒಂದು ನಿಲುವು, ಗೌರವಿಸ್ತೀನಿ. ಆದರೆ ಕಪ್ಪು ಆಟಗಾರರ ಎದುರು ಆಡಲ್ಲ ಅಂತ ಹಠ ಹಿಡಿದ ಕ್ಯಾಪ್ ಆನ್ಸನ್ 1939ರಿಂದ ಅದೇ ಗೋಡೆ ಮೇಲಿದ್ದಾನೆ. ಚಾರಿತ್ರ್ಯದ ಮಾತು ಎತ್ತೋರು ಮೊದಲು ಆ ಫಲಕದ ಮುಂದೆ ಎರಡು ನಿಮಿಷ ನಿಲ್ಲಲಿ.

ನನ್ನನ್ನ ಕೇಳಿದರೆ, ಮೇಜರ್ ಲೀಗ್ ಆಡಿದವರಲ್ಲಿ ನೂರಕ್ಕೆ ಸುಮಾರು ಒಬ್ಬರು ಒಳಗಿದ್ದಾರೆ, ಆ ಪ್ರಮಾಣ ಸರಿಯಾಗೇ ಇದೆ. ಕೆಡಿಸಿರೋದು ಶೇ. 5ರ ನಿಯಮ ಮತ್ತು ಹಳೇ ಸ್ನೇಹಿತರು ಕೂರೋ ಸಮಿತಿ. ಮೊದಲ ವರ್ಷವೇ ಯಾರನ್ನೂ ಅಳಿಸಬೇಡಿ, ಮೂರು ವರ್ಷವಾದರೂ ಹೆಸರು ಇರಲಿ. ಆಟಗಾರನ ಜೊತೆ ಆಡಿದವರು, ಅವನಿಗೆ ಸಂಬಳ ಕೊಟ್ಟವರು ಅವನ ಸರದಿ ಬಂದಾಗ ಎದ್ದು ಹೊರಗೆ ಹೋಗಲಿ. ಆಫೀಸಲ್ಲಿ ಅಪ್ರೈಸಲ್ ಕಮಿಟಿಗೂ ಇಷ್ಟು ಕನಿಷ್ಠ ನಾಚಿಕೆ ಇರುತ್ತೆ.

2019ರಲ್ಲಿ ವಿಟಕರ್ ಹೆಸರು ಒಮ್ಮೆ ಸಮಿತಿ ಮುಂದೆ ಬಂತು. ಹದಿನಾರರಲ್ಲಿ ಆರು ಮತ. 2022ರ ಆಗಸ್ಟ್‌ನಲ್ಲಿ ಟೈಗರ್ಸ್ ತಂಡ ಅವನ 1ನೇ ನಂಬರ್ ಜೆರ್ಸಿಯನ್ನ ನಿವೃತ್ತಿಗೊಳಿಸಿತು, ಅಷ್ಟು ಮಟ್ಟಿಗೆ ಊರು ತನ್ನ ಲೆಕ್ಕ ಚುಕ್ತಾ ಮಾಡಿತು. ಅದೇ ವರ್ಷ ಡಿಸೆಂಬರ್‌ನ ಸಮಿತಿ ಪಟ್ಟಿಯ ಎಂಟು ಹೆಸರಲ್ಲಿ ಅವನಿರಲಿಲ್ಲ. 2025ರ ಎಂಟರಲ್ಲೂ ಇರಲಿಲ್ಲ. ಆ ಕಾಲದ ಆಟಗಾರರ ಸರದಿ ಮೂರು ವರ್ಷಕ್ಕೊಮ್ಮೆ ಬರುತ್ತೆ, ಇನ್ನು 2028ಕ್ಕೆ. ಆಗ ಅವನಿಗೆ 71 ಆಗಿರುತ್ತೆ.

ನನ್ನ ಆ ಹಿರಿಯ ಸಹೋದ್ಯೋಗಿ ಈಗ ರಿಟೈರ್ ಆಗಿದ್ದಾರೆ. ಪ್ರತಿ ಡಿಸೆಂಬರ್‌ನಲ್ಲಿ ಒಂದು ಮೆಸೇಜ್ ಬರುತ್ತೆ, ಒಂದೇ ಪದ: "ಇಲ್ಲ."