ಮಸಿಕೊಂಬಿನ ಶಬ್ದಗಳು

ಇಂಗ್ಲಿಷಿನಲ್ಲಿ ‘ಇಂಕ್‌ಹಾರ್ನ್’ ಎಂಬ ಹಳೆಯ ಶಬ್ದವೊಂದುಂಟು. ಲೇಖಕರು ಮಸಿ ತುಂಬಿಡುತ್ತಿದ್ದ ಕೊಂಬು ಎಂದು ಅದರ ಅರ್ಥ. ಹದಿನಾರನೆಯ ಶತಮಾನದಲ್ಲಿ ಅದು ಬೈಗುಳವೂ ಆಯಿತು. ಲ್ಯಾಟಿನ್, ಗ್ರೀಕ್‌ಗಳಿಂದ ಎರವಲು ತಂದು ಪಾಂಡಿತ್ಯ ಮೆರೆಸುವ ಮಾತುಗಳನ್ನು ‘ಇಂಕ್‌ಹಾರ್ನ್ ಶಬ್ದ’ಗಳೆಂದು ಜರೆದರು, ಜನರ ಬಾಯಲ್ಲಿ ಹುಟ್ಟದೆ ಮಸಿಯಲ್ಲಿ ಹುಟ್ಟಿದವು ಎಂದು ಇಂಗಿತ.

1553ರಲ್ಲಿ ಥಾಮಸ್ ವಿಲ್ಸನ್ ತನ್ನ ಭಾಷಣಕಲೆಯ ಗ್ರಂಥದಲ್ಲಿ ಇಂಥ ಶೈಲಿಯ ಅಣಕುಪತ್ರವೊಂದನ್ನು ಕೊಟ್ಟು ನಗಿಸಿದ. 1601ರಲ್ಲಿ ಬೆನ್ ಜಾನ್ಸನ್ ಇನ್ನೂ ಮುಂದೆ ಹೋದ. ‘ಪೊಯೆಟಾಸ್ಟರ್’, ಎಂದರೆ ಕುಕವಿ, ಎಂಬ ನಾಟಕದಲ್ಲಿ ಕ್ರಿಸ್ಪಿನಸ್ ಎಂಬ ಕವಿಗೆ ಗುಳಿಗೆ ನುಂಗಿಸಿ, ಹೊಟ್ಟೆಯಲ್ಲಿದ್ದ ವಿಚಿತ್ರ ಶಬ್ದಗಳನ್ನೆಲ್ಲ ರಂಗದ ಮೇಲೆಯೇ ಕಾರಿಸಿದ!

ವಿನೋದ ಸೊಗಸಾಗಿದೆ, ತೀರ್ಪು ಮಾತ್ರ ನಿಲ್ಲಲಿಲ್ಲ. ಕಾರಿದವುಗಳಲ್ಲಿ ‘ಆಬ್‌ಸ್ಟುಪಿಫ್ಯಾಕ್ಟ್’ ಸತ್ತಿತು, ನಿಜ. ‘ಕಾನ್ಷಸ್’, ‘ರೆಸಿಪ್ರೊಕಲ್’ಗಳೋ ಇಂದಿಗೂ ಬಳಕೆಯಲ್ಲಿವೆ. ವಿಲ್ಸನ್ ಅಣಕಿಸಿದ ‘ಸೆಲೆಬ್ರೇಟ್’ ಕೂಡ ಹಾಗೆಯೇ. ಇತ್ತ ಅಚ್ಚ ಇಂಗ್ಲಿಷಿನ ಪಕ್ಷಪಾತಿ ಜಾನ್ ಚೀಕ್, ಮತ್ತಾಯನ ಸುವಾರ್ತೆಯನ್ನು ಅನುವಾದಿಸುತ್ತ ‘ಸೆಂಚೂರಿಯನ್’ಗೆ ಬದಲು ‘ಹಂಡ್ರೆಡರ್’ ಎಂದ, ಅದೂ ಉಳಿಯಲಿಲ್ಲ. ಶಬ್ದದ ಕುಲ ವಿಚಾರಿಸಿ ಆಯುಷ್ಯ ಹೇಳುವುದು ವಿಮರ್ಶಕನ ಕೈಲಾಗದ ಕೆಲಸ. ಬೈಸಿಕೊಂಡ ಶಬ್ದಗಳು ಬದುಕಿದವು. ‘ಇಂಕ್‌ಹಾರ್ನ್’ ಎಂಬ ಬೈಗುಳಕ್ಕೇ ಈಗ ನಿಘಂಟು ಬೇಕು!

ಹಾಗಾದರೆ ಜಾನ್ಸನ್ ಸೋತನೆ? ಪೂರ್ತಿಯಾಗಿ ಅಲ್ಲ. ಗುಳಿಗೆಯ ನಂತರ ಅದೇ ನಾಟಕದಲ್ಲಿ ಮಹಾಕವಿ ವರ್ಜಿಲ್ ರೋಗಿಗೆ ಪಥ್ಯ ಹೇಳುತ್ತಾನೆ: ಅಪರೂಪದ ಶಬ್ದಗಳ ಬೇಟೆ ಬಿಟ್ಟು, ಹೇಳಬೇಕಾದ ವಿಷಯವನ್ನು ಮುಂದಿಡಬೇಕು. ಗುಳಿಗೆ ಫಲಿಸಲಿಲ್ಲ, ಪಥ್ಯ ಎಲ್ಲ ಭಾಷೆಯ ಬರಹಗಾರರಿಗೂ ಇಂದಿಗೂ ಹಿತವೇ.