ಬೆಂಕಿಗೂ ಮೆರುಗಿಗೂ ಇರುವ ಅಂತರ: ಮರದ ತಂಬಾಕು ಪೈಪಿನ ಕೊನೆಯ ಹದ

ಕರ್ನಾಟಕದ ಮರಗೆತ್ತನೆಯನ್ನು ಕುರಿತ ಬರಹಗಳಲ್ಲಿ ಉಳಿಯ ಕೆಲಸಕ್ಕೆ ದೊರೆತ ಸ್ಥಾನ ಉಜ್ಜುವ, ಬಣ್ಣವೇರಿಸುವ, ಮೆರುಗು ಕೊಡುವ ಕೆಲಸಕ್ಕೆ ದೊರೆತಿಲ್ಲ. ಭಂಗಿ, ಬಳ್ಳಿಯ ತಿರುವು, ಅಲಂಕರಣದ ಮೂಲ ಇವುಗಳ ಚರ್ಚೆ ಮುಗಿದ ಮೇಲೆ 'ನಯವಾದ ಮೆರುಗು' ಎಂಬ ಒಂದು ಮಾತಿನಲ್ಲಿ ವಿಷಯವನ್ನು ದಾಟಿಬಿಡುವುದು ರೂಢಿ. ಮೆರುಗನ್ನು ಬಳಕೆಯಿಂದ ಬೇರ್ಪಡಿಸಿ ಬರಿಯ ಕಣ್ಣಿನ ವಿಷಯವಾಗಿ ಎಣಿಸಿದ್ದರ ಫಲವಿದು. ಕೈಯಿಂದ ಕೆತ್ತಿದ ಮರದ ತಂಬಾಕು ಪೈಪು ಈ ಎಣಿಕೆಗೆ ಸುಲಭವಾಗಿ ಒಗ್ಗುವುದಿಲ್ಲ.

ತಂಬಾಕಿನ ಉಪಕರಣವೊಂದರ ವಿವರವಾದ ಆರಂಭಿಕ ವರ್ಣನೆಗೆ ಬಿಜಾಪುರದ ನಂಟಿದೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನಕ್ಕೆ ಹೋಗಿದ್ದ ಮೊಗಲ್ ರಾಯಭಾರಿ ಅಸದ್ ಬೇಗ್, 1604ರ ಸುಮಾರಿಗೆ ಹಿಂದಿರುಗುವಾಗ ಬಿಜಾಪುರದಲ್ಲಿ ಕಂಡ ತಂಬಾಕನ್ನು ಕೊಂಡೊಯ್ದು, ಅಂದವಾದ ಪೈಪಿನೊಡನೆ ಅಕ್ಬರನಿಗೆ ಒಪ್ಪಿಸಿದುದನ್ನು ತಾನೇ ಬರೆದಿಟ್ಟಿದ್ದಾನೆ. (ಬಾದಶಹನು ಎರಡು ಮೂರು ಬಾರಿ ಸೇದುವಷ್ಟರಲ್ಲಿ ವೈದ್ಯನು ತಡೆದನಂತೆ, ಆ ವೈದ್ಯನ ಮಾತು ಆಮೇಲೆ ಯಾರಿಗೂ ಪಥ್ಯವಾಗಲಿಲ್ಲ.) ಸುಮಾತ್ರಾದ ಅಚೆಯಿಂದ ಬಂದ ಮೂರು ಮೊಳದ ಕೊಳವೆ, ಅದನ್ನು ಹದವಾಗಿ ಒಣಗಿಸಿ ಬಣ್ಣವೇರಿಸಿದ ಬಗೆ, ಎರಡೂ ತುದಿಗಳ ರತ್ನ ಮತ್ತು ಮೀನಾಕಾರಿ, ಯೆಮೆನ್ ದೇಶದ ಅಕೀಕದ ಬಾಯಿತುದಿ, ಜೊತೆಗೆ ಚಿನ್ನದ ಅಗ್ಗಿಷ್ಟಿಕೆ ಇವೆಲ್ಲ ಅಲ್ಲಿ ಬರುತ್ತವೆ. ವಿದ್ವಾಂಸರ ಗಮನ ಸಹಜವಾಗಿಯೇ ರತ್ನಗಳ ಮೇಲೆ ಬಿದ್ದಿದೆ. ಆದರೆ ಒಣಗಿಸಿ ಬಣ್ಣವೇರಿಸಿದ ಹದವನ್ನು ಬಾಯಿಬಿಟ್ಟು ಹೊಗಳುವಷ್ಟು ಅಸದ್ ಬೇಗನ ಕಣ್ಣು ಚುರುಕಾಗಿತ್ತು. ಬೆಂಕಿಯೂ ಅಲಂಕಾರವೂ ಅಲ್ಲಿ ಮೂರು ಮೊಳದ ಅಂತರದಲ್ಲಿದ್ದವು ಎಂಬುದನ್ನೂ ಗಮನಿಸಬೇಕು.

ಬೀದರಿನ ಗುಡುಗುಡಿಯಲ್ಲಿ ಈ ಅಂತರವೇ ರಚನೆಯ ತತ್ತ್ವವಾಯಿತು. ಕೆಂಡ ಮೇಲಿನ ಮಣ್ಣಿನ ಚಿಲುಮೆಯಲ್ಲಿ, ನೀರು ಕೆಳಗಿನ ಲೋಹದ ಬುರುಡೆಯಲ್ಲಿ. ಸತುವು ಮತ್ತು ತಾಮ್ರದ ಮಿಶ್ರಲೋಹಕ್ಕೆ ಬೆಳ್ಳಿಯನ್ನು ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಿಂದ ಕಪ್ಪೇರಿಸಿ, ಎಣ್ಣೆಯಿಂದ ತಿಕ್ಕಿದ ಆ ಬುರುಡೆಗೆ ಬೆಂಕಿಯ ಭಯವಿಲ್ಲ. ಬಿದರಿ ಕುಶಲಕರ್ಮಿಯು ಮೆರುಗಿನಲ್ಲಿ ಅಷ್ಟು ಧಾರಾಳಿಯಾಗಲು ಇದೂ ಒಂದು ಕಾರಣ.

ಮರದ ಪೈಪು ಈ ಅನುಕೂಲವನ್ನೆಲ್ಲ ಕಳೆದುಕೊಂಡ ವಸ್ತು. ಬೆಂಕಿ, ಹೊಗೆಯ ತೇವ, ಹಿಡಿದ ಕೈಯ ಬೆವರು ಮೂರೂ ಒಂದೇ ತುಂಡಿನಲ್ಲಿ ಸೇರುತ್ತವೆ. ಕೆಂಡಕ್ಕೂ ಬೆರಳಿಗೂ ನಡುವೆ ಇರುವುದು ಕೆಲವೇ ಮಿಲಿಮೀಟರು ದಪ್ಪದ ಮರ. ಮೆಡಿಟರೇನಿಯನ್ ತೀರದ ಬ್ರೈಯರ್ ಪೊದೆಯ ಬುಡದ ಗಂಟನ್ನು ಯುರೋಪಿನ ಕುಶಲಕರ್ಮಿಗಳು ಆರಿಸಿಕೊಂಡದ್ದು ಅದು ಬೇಗ ಸುಡದೆಂಬ ಕಾರಣಕ್ಕೆ.

ಇಲ್ಲಿ ಚನ್ನಪಟ್ಟಣದ ಅರಗನ್ನು ಎದುರಿಗಿಟ್ಟು ನೋಡುವುದು ಉಪಯುಕ್ತ. ತಿರುಗುವ ಆಲೆಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಬಿಸಿಗೆ ಅರಗು ಕರಗಿ ಹರಡಿ ಮೈಗೆ ಅಂಟುತ್ತದೆ. ಒಣಗರಿಯಿಂದ ತಿಕ್ಕಿದರೆ ಹೊಳಪೇಳುತ್ತದೆ. ಬಿಸಿಯಿಂದ ಕೂತದ್ದು ಬಿಸಿಯಿಂದಲೇ ಏಳುತ್ತದೆ. ಅರಗು 75 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗುವ ವಸ್ತು. ಎನ್.ಆರ್. ಕಾಲೋನಿ, ಬಸವನಗುಡಿಗಳ ಹಳೆಯ ಮನೆಗಳಲ್ಲಿ ಅರಗಿನ ಪಾಲಿಶ್ ಕಂಡ ತೇಗದ ಮೇಜಿನ ಮೇಲೆ ಬಿಸಿ ಕಾಫಿಯ ಲೋಟ ಬಿಟ್ಟುಹೋದ ಬಿಳಿಯ ಬಳೆಯನ್ನು ನೋಡಿದವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ. ಆಟಿಕೆಯ ಮಟ್ಟಿಗೆ ಪರಿಪೂರ್ಣವಾದ ಮೆರುಗು, ದಪ್ಪನಾಗಿ ಬಳಿದರೆ, ಪೈಪಿನ ಬಟ್ಟಲಿಗೆ ದೋಷವಾಗುತ್ತದೆ.

ಆದ್ದರಿಂದ ಪೈಪಿನ ಕೊನೆಯ ಕೆಲಸವು ಬಳಿಯುವುದಕ್ಕಿಂತ ಹೆಚ್ಚಾಗಿ ತೆಗೆಯುವ ಕೆಲಸ. ಒರಟು ಮರಳುಕಾಗದದಿಂದ ನುಣುಪಿನದಕ್ಕೆ ಹಂತಹಂತವಾಗಿ ಸಾಗಬೇಕು. ಒಂದು ಹಂತದ ಗೀರು ಉಳಿದರೆ ಬಣ್ಣ ಅಲ್ಲಿಯೇ ಕಪ್ಪಾಗಿ ನಿಂತು ತಪ್ಪನ್ನು ಎತ್ತಿ ತೋರಿಸುತ್ತದೆ. ನಡುವೆ ಮರವನ್ನು ಒದ್ದೆ ಮಾಡಿ, ನವಿರೇಳಿದ ನಾರನ್ನು ಒಣಗಿದ ಮೇಲೆ ಮತ್ತೆ ಉಜ್ಜಬೇಕು. ಸ್ಪಿರಿಟ್ಟಿನಲ್ಲಿ ಕರಗಿಸಿದ ಬಣ್ಣ ನಾರಿನೊಳಕ್ಕೆ ಇಳಿಯುತ್ತದೆ, ಪೊರೆಯಾಗಿ ಮೇಲೆ ನಿಲ್ಲುವುದಿಲ್ಲ. ಕಡೆಗೆ ಕಾರ್ನೌಬಾ ಮೇಣದ ತೀರ ತೆಳುವಾದ ಲೇಪ. ಇದು 82 ಡಿಗ್ರಿಯ ಮೇಲೆ ಕರಗುವಂಥದು, ಜೇನುಮೇಣ 65 ಡಿಗ್ರಿಯೊಳಗೇ ಕರಗುತ್ತದೆ. ಮೇಣವೂ ಶಾಶ್ವತವಲ್ಲ, ಆದರೆ ವಾರ್ನಿಶಿನಂತೆ ಗುಳ್ಳೆಯೆದ್ದು ಸಿಪ್ಪೆಯಾಗದೆ ಮಂಕಾಗುತ್ತದೆ, ಬಟ್ಟೆಯಿಂದ ಮತ್ತೆ ತಿಕ್ಕಿದರೆ ಮರಳುತ್ತದೆ.

ಕೆತ್ತನೆಯುಳ್ಳ ಪೈಪಿನಲ್ಲಿ ಇನ್ನೊಂದು ಸಂಕಟವಿದೆ. ನುಣುಪಿನ ಹಂಬಲ ಉಳಿ ಎಬ್ಬಿಸಿದ ಅಂಚುಗಳನ್ನು ತಿಂದುಹಾಕುತ್ತದೆ. ಎಲೆಯ ನರ ಮೊದಲು ಮೊಂಡಾಗುತ್ತದೆ, ಬಳಿಕ ಎಲೆಯೇ ಗುರುತು ಸಿಗದಂತಾಗುತ್ತದೆ. ಸ್ಪರ್ಧೆ, ಪ್ರದರ್ಶನಗಳಲ್ಲಿ ಹೊಳಪಿಗೆ ಅಂಕ ಕೊಡುವ ತೀರ್ಪು ಇಂತಹ ಅತಿಯನ್ನು ಪೋಷಿಸುತ್ತದೆ ಎನ್ನದೆ ವಿಧಿಯಿಲ್ಲ. ಸಾಗರ, ಸೊರಬ ಸೀಮೆಯ ಗುಡಿಗಾರರ ಗಂಧದ ಕೆಲಸವನ್ನು ಅದೇ ಅಳತೆಗೋಲಿನಿಂದ ಅಳೆದರೂ ಪ್ರಮಾದವೇ. ಗಂಧಕ್ಕೆ ವಾರ್ನಿಶು ಬಳಿದರೆ ಕಣ್ಣಿಗೆ ಹೊಳಪು ಬಂದೀತು, ಪರಿಮಳ ಒಳಗೇ ಉಳಿದೀತು.

ಬಟ್ಟಲಿನ ಒಳಮೈಗೆ ಮೆರುಗಿನ ಲೇಪ ಸಲ್ಲದು; ಅದರ ಹದ ಕೂಡುವುದು ಕಾರ್ಯಾಗಾರದ ಹೊರಗೆ. ಬಳಕೆದಾರನು ನಿಧಾನವಾಗಿ ಸೇದಿದಂತೆಲ್ಲ ಇದ್ದಿಲಿನ ತೆಳುಪದರ ಕಟ್ಟಿಕೊಂಡು ಮರವನ್ನು ಬೆಂಕಿಯಿಂದ ಕಾಯುತ್ತದೆ. ಅದು ಅತಿ ದಪ್ಪವಾದರೆ ಹಿಗ್ಗಿ ಬಟ್ಟಲನ್ನು ಸೀಳುವುದರಿಂದ ಆಗಾಗ ಕೆರೆಯಬೇಕಾಗುತ್ತದೆ. ಕಪಾಟಿನ ಗಾಜಿನ ಹಿಂದೆ ನಿಂತ, ಎಂದೂ ಸೇದದ ಪೈಪಿನಲ್ಲಿ ಈ ಪದರ ಇರುವುದಿಲ್ಲ. ವಸ್ತುಸಂಗ್ರಹಾಲಯದ ಸೂಚಿಯಲ್ಲಿ ಅದನ್ನು ಪೂರ್ಣಗೊಂಡ ಕೃತಿಯೆಂದು ನಮೂದಿಸುವಾಗಲೂ, ಸೇದಿ ಕಪ್ಪಾದ ಪೈಪಿನ ಒಳಮೈಯನ್ನು 'ಹಾಳಾಗಿದೆ' ಎಂದು ಗುರುತಿಸುವಾಗಲೂ ಸೂಚಿಕಾರನು ಒಮ್ಮೆ ಬಟ್ಟಲಿನೊಳಕ್ಕೆ ಬೆರಳಿಟ್ಟು ನೋಡುವುದು ಒಳಿತು.