ಎರವಲು ಹಾಡು, ಸ್ವಂತ ನುಡಿಸಾಣಿಕೆ: ಡಚ್ ರಾಕ್ ಪರಂಪರೆಯ ಒಂದು ಘಟ್ಟ

1960ರ ದಶಕದ ಡಚ್ ರಾಕ್ ಸಂಗೀತವನ್ನು ಇಂಗ್ಲೆಂಡ್ ಹಾಗೂ ಅಮೆರಿಕದ ಅನುಕರಣೆಯೆಂದು ಬದಿಗೆ ಸರಿಸುವವರು ಹಾಡಿನ ಮೂಲವನ್ನು ಗಮನಿಸುತ್ತಾರೆಯೇ ಹೊರತು, ಆ ಹಾಡು ಡಚ್ ವಾದಕರ ಕೈಯಲ್ಲಿ ಪಡೆದ ಮರುಹುಟ್ಟನ್ನು ಗಮನಿಸುವುದಿಲ್ಲ. ಆಮ್‌ಸ್ಟರ್‌ಡ್ಯಾಮ್‌ನ ಬ್ರೇನ್‌ಬಾಕ್ಸ್ ತಂಡ 1969ರಲ್ಲಿ ತನ್ನ ಹೆಸರಿನಲ್ಲೇ ಹೊರತಂದ ಆಲ್ಬಂ ಈ ಪರಂಪರೆಯ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುವುದರಿಂದ, ಪರಂಪರೆಯ ಮೌಲ್ಯಮಾಪನಕ್ಕೆ ಅದು ತಕ್ಕ ಆಧಾರವಾಗುತ್ತದೆ.

ಈ ಸಂಗೀತದ ಬೇರುಗಳು ಹಲವು. ಇಂಡೋನೇಷ್ಯ ಡಚ್ಚರ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ಮೇಲೆ ನೆದರ್ಲೆಂಡ್ಸ್‌ಗೆ ವಲಸೆ ಬಂದ ಮಿಶ್ರ ಮೂಲದ ಕುಟುಂಬಗಳು ಗಿಟಾರ್ ವಾದನದ ಗಾಢ ಅಭ್ಯಾಸವನ್ನು ಜೊತೆಗೆ ತಂದವು. ಟೀಲ್ಮನ್ ಸಹೋದರರಂಥವರು ಬೆಳೆಸಿದ ಈ ಶೈಲಿಗೆ ಇಂಡೋರಾಕ್ ಎಂಬ ಹೆಸರು ಬಂತು. 1960ರಲ್ಲಿ ಆರಂಭವಾದ ರೇಡಿಯೊ ವೆರೋನಿಕಾ ಸಮುದ್ರದಲ್ಲಿ ಲಂಗರು ಹಾಕಿದ ಹಡಗಿನಿಂದ ಪಾಪ್ ಹಾಡುಗಳನ್ನು ಬಿತ್ತರಿಸಿ ಕೇಳುಗರನ್ನು ಸಜ್ಜುಗೊಳಿಸಿತು. ಡ್ರೆಂತೆ ಪ್ರಾಂತದ ಗ್ರೋಲೊ ಎಂಬ ಹಳ್ಳಿಯಲ್ಲಿ ನೆಲೆನಿಂತ ಕ್ಯೂಬಿ ಆಂಡ್ ಬ್ಲಿಜರ್ಡ್ಸ್ ತಂಡವು ಬ್ಲೂಸ್ ಅನ್ನು, ಅಂದರೆ ಆಫ್ರಿಕನ್ ಅಮೆರಿಕನ್ನರ ನೋವು ಮತ್ತು ಬಯಕೆಗಳಿಂದ ಹುಟ್ಟಿ ಸಾಮಾನ್ಯವಾಗಿ 12 ಆವರ್ತಗಳ ಚೌಕಟ್ಟಿನಲ್ಲಿ ಸಾಗುವ ಗಾನಪ್ರಕಾರವನ್ನು, ತನ್ನದಾಗಿಸಿಕೊಂಡಿತಲ್ಲದೆ, 1967ರಲ್ಲಿ ಆ ಪ್ರಕಾರದ ಹಿರಿಯ ಪಿಯಾನೊ ವಾದಕ ಎಡ್ಡಿ ಬಾಯ್ಡ್ ಅವರೊಂದಿಗೆ ಧ್ವನಿಮುದ್ರಣವನ್ನೂ ಮಾಡಿತು.

ಗಾಯಕ ಕಾಜ್ ಲಕ್ಸ್, ಗಿಟಾರ್ ವಾದಕ ಯಾನ್ ಆಕರ್‌ಮನ್, ಬಾಸ್ ಗಿಟಾರಿನ ಆಂದ್ರೆ ರೈನೆನ್ ಮತ್ತು ಡ್ರಮ್ಸ್ ವಾದಕ ಪಿಯರ್ ವಾನ್ ಡರ್ ಲಿಂಡನ್ ಅವರ ಬ್ರೇನ್‌ಬಾಕ್ಸ್ ಆರಿಸಿಕೊಂಡ ಹಾಡುಗಳ ವ್ಯಾಪ್ತಿಯೇ ಗಮನಾರ್ಹ. ಇಂಗ್ಲೆಂಡಿನ ಹಳೆಯ ಜಾನಪದ ಗೀತೆ ‘ಸ್ಕಾರ್‌ಬರೋ ಫೇರ್’, ಜಿಮ್ಮಿ ರೀಡ್ ಅವರ ಬ್ಲೂಸ್, ಟಿಮ್ ಹಾರ್ಡಿನ್ ಅವರ ಜಾನಪದ ಶೈಲಿಯ ಫೋಕ್ ಗೀತೆ, 1935ರ ‘ಪೋರ್ಗಿ ಆಂಡ್ ಬೆಸ್’ ಗೀತನಾಟಕದ ‘ಸಮ್ಮರ್‌ಟೈಮ್’ ಇಲ್ಲಿ ಒಂದೇ ತಂಡದ ಲಯದೊಳಗೆ ಸೇರುತ್ತವೆ. ತಂಡದ ಸ್ವಂತ ರಚನೆ ‘ಡಾರ್ಕ್ ರೋಸ್’ನಲ್ಲಿ ಗಿಟಾರಿನ ಬಿರುಸಾದ ರಿಫ್, ಅಂದರೆ ಮತ್ತೆ ಮತ್ತೆ ಮರಳುವ ಕಿರು ಸ್ವರವಾಕ್ಯ, ಕೊಳಲಿನ ತಿಳಿಯಾದ ನಾದಕ್ಕೆ ಎದುರಾಗಿ ನಿಂತು, ಬ್ಲೂಸ್‌ನ ಭಾರವೂ ಫೋಕ್‌ನ ಹಗುರವೂ ಒಂದೇ ಹಾಡಿನೊಳಗೆ ಸರದಿಯಂತೆ ಕೇಳಿಬರುತ್ತವೆ. ಆಕರ್‌ಮನ್ ಅವರ ವಾದನ ಗಾಯನಕ್ಕೆ ಬರಿಯ ಆಸರೆಯಾಗಿ ಉಳಿಯದೆ, ಸಾಲುಗಳ ನಡುವಿನ ಬಿಡುವಿನಲ್ಲಿ ಗಾಯಕನಿಗೆ ಉತ್ತರ ಕೊಡುತ್ತದೆ. ಎರವಲು ತಂದ ಹಾಡು ತಂಡದ ಸ್ವತ್ತಾಗುವುದು ಈ ಸಂವಾದದಿಂದಲೇ.

ದೋಷಗಳೂ ಇಲ್ಲದಿಲ್ಲ. ಸುಮಾರು 17 ನಿಮಿಷ ಹರಿಯುವ ‘ಸೀ ಆಫ್ ಡಿಲೈಟ್’ನಲ್ಲಿ ವಾದಕರ ಮನೋಧರ್ಮಕ್ಕೆ ದೊರೆತ ಸ್ವಾತಂತ್ರ್ಯವು ಹಾಡಿನ ಕಟ್ಟನ್ನು ಸಡಿಲಿಸಿದೆ. ಇದಕ್ಕಿಂತ ಆಳದ ಕೊರತೆ ಸಾಹಿತ್ಯದ್ದು: ಇಂಗ್ಲಿಷ್ ಪದಗಳು ದನಿಗೆ ಒದಗುತ್ತವೆಯಾದರೂ ಡಚ್ ಬದುಕಿನ ಊರು, ಋತು, ರಾಜಕೀಯ ಯಾವುದೂ ಅವುಗಳಲ್ಲಿ ಮೂಡುವುದಿಲ್ಲ. ಅದೇ ಕಾಲದಲ್ಲಿ ಬೌಡವೈನ್ ದ ಕ್ರೂಟ್, ಕವಿ ಲೆನಾರ್ಟ್ ನೈಖ್ ಅವರ ಡಚ್ ಗೀತೆಗಳನ್ನು ಹಾಡುತ್ತ 1966ರಲ್ಲೇ ವಿಯೆಟ್ನಾಂ ಯುದ್ಧವನ್ನು ಪ್ರಶ್ನಿಸಿದ್ದರೆಂಬುದನ್ನು ನೆನೆದರೆ, ಈ ಕೊರತೆ ಅನಿವಾರ್ಯವಾಗಿತ್ತೆಂದು ವಾದಿಸಲಾಗದು.

ಆದರೆ ಎರವಲೇ ಕೊರತೆಯೆಂದರೆ ಅದು ಅನ್ಯಾಯವಾದೀತು. ಹೇಗ್ ನಗರದ ಶಾಕಿಂಗ್ ಬ್ಲೂ ತಂಡದ ‘ವೀನಸ್’ ಹಾಡಿನ ಹಿಂದೆ ‘ಓ ಸುಸಾನಾ’ ಎಂಬ 1848ರ ಅಮೆರಿಕನ್ ಗೀತೆಯ ಮರುರೂಪವೊಂದರ ಛಾಯೆಯಿದ್ದರೂ, 1970ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲೇ ಅದು ಮೊದಲ ಸ್ಥಾನಕ್ಕೇರಿತು. ಬ್ರೇನ್‌ಬಾಕ್ಸ್ ತೊರೆದ ಆಕರ್‌ಮನ್ ಹಾಗೂ ವಾನ್ ಡರ್ ಲಿಂಡನ್ ಮುಂದೆ ಫೋಕಸ್ ತಂಡದಲ್ಲಿ ಜೊತೆಯಾಗಿ 1971ರಲ್ಲಿ ನುಡಿಸಿದ ‘ಹೋಕಸ್ ಪೋಕಸ್’ನಲ್ಲಂತೂ ಸಾಹಿತ್ಯವೇ ಇಲ್ಲ, ಗಿಟಾರಿನ ರಿಫ್, ಕೊಳಲು ಮತ್ತು ಪದಗಳಿಲ್ಲದ ಕಂಠದ ಕಸರತ್ತು ಸೇರಿ ಅದು ವಿಶ್ವಖ್ಯಾತವಾಯಿತು. ಮಾತಿನಲ್ಲಿ ಸೊರಗಿದ್ದ ಪರಂಪರೆ ನಾದದಲ್ಲಿ ಸ್ವಂತ ದನಿಯನ್ನು ಪಡೆಯಿತೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಡ. ಆದ್ದರಿಂದ ಬ್ರೇನ್‌ಬಾಕ್ಸ್ ಆಲ್ಬಮ್ಮಿನ ಹಿರಿಮೆಯನ್ನು ಅಳೆಯಬೇಕಾದದ್ದು ಅದು ಯಾರಿಂದ ಪಡೆಯಿತು ಎಂಬುದರಿಂದಲ್ಲ, ಪಡೆದದ್ದನ್ನು ಎಷ್ಟರ ಮಟ್ಟಿಗೆ ಬೆಳೆಸಿತು ಎಂಬುದರಿಂದ. ಆ ಅಳತೆಯಲ್ಲಿ ಅದು ಯುರೋಪಿನ ರಾಕ್ ಚರಿತ್ರೆಯಲ್ಲಿ ಈಗಿರುವುದಕ್ಕಿಂತ ಹಿರಿದಾದ ಸ್ಥಾನಕ್ಕೆ ಅರ್ಹವಾದ ಕೃತಿ.